ಹತ್ತನೆಯ ದಿನದ ಕಲ್ಲು

ಮರ್ಫಿ, ಟೆಕ್ಸಸ್
೧೮ ಜನವರಿ ೨೦೧೫

ಚಿರಂಜೀವಿ ಬದರಿನಾಥರಿಗೆ ಆಶೀರ್ವಾದಗಳು.

ಪತ್ರವನ್ನು ಕುಶಲಪ್ರಶ್ನೆಯಿಂದ ಆರಂಭಿಸಬೇಕೆಂದು ಮೈಸೂರಿನ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿದವಳು ನಾನು. ಈ ಪತ್ರದಲ್ಲಿ ಅದನ್ನು ಬಿಟ್ಟಿದ್ದೇನೆ. ಉತ್ತರ ಇಬ್ಬರಿಗೂ ಗೊತ್ತಿರುವ ಪ್ರಶ್ನೆಯನ್ನು ಕೇಳುವುದು ಶಿಷ್ಟಾಚಾರವಲ್ಲ.

ಸಂಹಿತಾ ಹೋಗಿ ಹದಿನೈದು ತಿಂಗಳಾದವು. ಈ ಅವಧಿಯಲ್ಲಿ ನೀವು ಒಮ್ಮೆಯೂ ಮರ್ಫಿಗೆ ಬರಲಿಲ್ಲ. ಮಗಳು ಹೋದಮೇಲೆ ಅಳಿಯನಿಗೆ ಅತ್ತೆಯ ಮನೆಯಲ್ಲೇನು ಕೆಲಸ ಎಂದು ನಾನೂ ಸುಮ್ಮನಿದ್ದೆ. ಮೊದಲು ಬರೆಯಬೇಕಾದವಳು ನಾನಲ್ಲ ಎಂಬ ಹಟವೂ ಇತ್ತು. ಈಗ ಬರೆಯುತ್ತಿರುವುದಕ್ಕೆ ಕಾರಣ ಬೇರೆ.

ಮಹತಿ ರಜೆಗೆಂದು ಆಸ್ಟಿನ್ನಿನಿಂದ ಬಂದು ಸೋದರಮಾವ ವಿಶ್ವಾಸನ ಮನೆಯಲ್ಲಿ, ಎಂದರೆ ನನ್ನೊಡನೆ, ಹತ್ತು ದಿನ ಇದ್ದಳು. ಸಂಕ್ರಾಂತಿಯ ದಿನ ಎಳ್ಳು ಹುರಿಯುತ್ತಿದ್ದೆ. ಪಕ್ಕದಲ್ಲಿ ನಿಂತು ಬೆಲ್ಲ ತಿನ್ನುತ್ತಿದ್ದವಳು, "ಅಜ್ಜಿ, ಡ್ಯಾಡ್ ಆ ಕಲ್ಲನ್ನ ಇನ್ನೂ ಕಾರಲ್ಲೇ ಇಟ್ಕೊಂಡಿದಾರೆ, ಗೊತ್ತಾ? ಗ್ಲವ್ ಬಾಕ್ಸಲ್ಲಿ" ಎಂದಳು.

"ಯಾವ ಕಲ್ಲು?"

"ಅದೇ, ಅಮ್ಮನ ಫಂಕ್ಷನ್‌ದು. ನೀರು ಹಾಕ್ತಿದ್ರಲ್ಲ."

ಅಪರಕ್ರಿಯೆಯನ್ನು ಆಕೆ ಫಂಕ್ಷನ್ ಎಂದಳು. ನಾನು ತಿದ್ದಲಿಲ್ಲ. ಈಚೆಗೆ ಯಾರನ್ನೂ ತಿದ್ದುವ ಮನಸ್ಸಾಗುವುದಿಲ್ಲ. ಎಳ್ಳು ಸೀದು ಹೋಯಿತು. ಅದನ್ನು ಚೆಲ್ಲಿ ಬೇರೆ ಹುರಿದೆ.

ಹತ್ತು ದಿನ ನೀವು ಆ ಕಲ್ಲಿಗೆ ಎಳ್ಳುನೀರು ಬಿಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೋದ ಜೀವ ಆ ಹತ್ತು ದಿನ ಕಲ್ಲನ್ನು ಆಶ್ರಯಿಸಿರುತ್ತದೆ, ಹತ್ತನೆಯ ದಿನ ಕಲ್ಲನ್ನು ಹರಿಯುವ ನೀರಿಗೆ ಬಿಟ್ಟಾಗ ಅದಕ್ಕೆ ಬಿಡುಗಡೆ ಎಂಬುದು ನಮ್ಮ ಮನೆಗಳ ನಂಬಿಕೆ. ನೀವು ನದಿಗೆ ಹೋದಿರಿ. ಹೆಂಗಸರು ಹೋಗುವ ಕ್ರಮವಿಲ್ಲವೆಂದು ನಾನು ಮನೆಯಲ್ಲಿ ಉಳಿದೆ. ಹಿಂತಿರುಗಿ ಬಂದು "ಆಯಿತು, ಅತ್ತೆ" ಎಂದಿರಿ.

ಏನು ಆಯಿತು? ಇದೊಂದೇ ನನ್ನ ಪ್ರಶ್ನೆ. ದೂರವಾಣಿಯಲ್ಲಿ ಉತ್ತರ ಬೇಡ. ಬರೆಯಿರಿ.

ಇತಿ,
ವಿದ್ಯಾವತಿ


ಶುಗರ್ ಲ್ಯಾಂಡ್
೨೨ ಮಾರ್ಚ್ ೨೦೧೫

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಎರಡು ತಿಂಗಳು ತಡವಾಗಿದೆ. ಕನ್ನಡದಲ್ಲಿ ಪತ್ರ ಬರೆದು ಇಪ್ಪತ್ತು ವರ್ಷವಾಯಿತು ಎನ್ನುವುದು ನೆಪ. ನಾಲ್ಕು ಸಲ ಬರೆದು ಹರಿದೆ ಎನ್ನುವುದು ನಿಜ.

ಮಹತಿ ಹೇಳಿದ್ದು ಸರಿ. ಕಲ್ಲು ನನ್ನ ಬಳಿಯೇ ಇದೆ. ಅಂದು ನದಿಗೆ ಬಿಟ್ಟದ್ದು ಬೇರೆ ಕಲ್ಲು.

ನನ್ನ ಕೆಲಸ ಭೂಮಿಯ ಪದರಗಳನ್ನು ಓದುವುದು, ಆದ್ದರಿಂದ ಇದನ್ನು ಗೊತ್ತಿದ್ದೇ ಹೇಳುತ್ತೇನೆ: ಹ್ಯೂಸ್ಟನ್ನಿನ ಸುತ್ತಲಿನ ನೆಲದಲ್ಲಿ ಕಲ್ಲಿಲ್ಲ. ಎಷ್ಟು ಅಗೆದರೂ ಜೇಡಿಮಣ್ಣು. ಮೊದಲನೆಯ ದಿನ ಪುರೋಹಿತರಾದ ವೆಂಕಟಗಿರಿ ಭಟ್ಟರು ಒಂದು ಕಲ್ಲು ತನ್ನಿ ಎಂದಾಗ ನಾನೂ ಪಕ್ಕದ ಮನೆಯ ಇರಣ್ಣನೂ ಬೀದಿಯುದ್ದಕ್ಕೂ ನೆಲ ನೋಡುತ್ತಾ ನಡೆದೆವು. ಕೊನೆಗೆ ಇರಣ್ಣ, "ಇಲ್ಲಿ ಕಲ್ಲು ಎಲ್ಲಿ ಅದಾವ್ರಿ ಸರ? ಅಂಗಡ್ಯಾಗ ಚೀಲದಾಗ ಹಾಕಿ ಮಾರ್ತಾರ ನೋಡ್ರಿ. ನಮ್ಮ ತ್ವಾಟಕ್ಕ ತಂದದ್ದು ಒಂದೆರಡು ಅದಾವ, ಕೊಡ್ಲೇನು?" ಎಂದ. ಭಟ್ಟರು ಒಪ್ಪಲಿಲ್ಲ. "ಕೊಂಡದ್ದು ಬೇಡಿ. ಯಾರಾದರೂ ನೆಲದಿಂದ ಕೈಯಾರೆ ಎತ್ತಿದ್ದು ಇದ್ದರೆ ನೋಡಿ" ಎಂದರು.

ಅಡುಗೆಮನೆಯ ಕಿಟಕಿಯಲ್ಲಿ ಒಂದು ಇತ್ತು. ಸಂಹಿತಾ ಎತ್ತಿದ್ದು.

ನಮಗೆ ಮದುವೆಯಾದ ವರ್ಷ, ನಾನು ವೇಲ್ಸ್‌ನಲ್ಲಿ ಓದುತ್ತಿದ್ದಾಗ, ಒಂದು ಭಾನುವಾರ ಬಸ್ಸು ಹಿಡಿದು ಹಳ್ಳಿಯ ಕಡೆ ಹೋಗಿದ್ದೆವು. ಹೊಲವೊಂದರ ನಡುವೆ ಒಂಟಿ ಕಲ್ಲು ನಿಂತಿತ್ತು. ನಾಲ್ಕು ಸಾವಿರ ವರ್ಷದ ಹಿಂದೆ ಅಲ್ಲಿಯ ಜನ ನಿಲ್ಲಿಸಿದ್ದು, ಯಾರಿಗಾಗಿ ಎಂದು ಯಾರಿಗೂ ಗೊತ್ತಿಲ್ಲ ಎಂದು ಅವಳಿಗೆ ಉಪನ್ಯಾಸ ಕೊಟ್ಟೆ. ಅವಳು ಅದಕ್ಕೆ ಬೆನ್ನು ಕೊಟ್ಟು ಆ ಕಡೆ ಈ ಕಡೆ ಉಜ್ಜಿಕೊಳ್ಳುತ್ತಾ, "ನಿಮ್ಮ ನಾಲ್ಕು ಸಾವಿರ ವರ್ಷ ಇರ್ಲಿ ರೀ, ಈ ಸ್ವೆಟರು ಬೆಳಗ್ಗೆಯಿಂದ ಚುಚ್ತಾ ಇದೆ. ಬೆನ್ನು ಕೆರ್ಕೊಳ್ಳೋಕೆ ಇಷ್ಟು ಒಳ್ಳೇ ಕಲ್ಲು ಮೈಸೂರಲ್ಲೂ ಇಲ್ಲ" ಎಂದಳು. ಹೊರಡುವಾಗ ಅದರ ಬುಡದಿಂದ ಒಂದು ಸಣ್ಣ ಕಲ್ಲು ಎತ್ತಿಕೊಂಡಳು. ಬೂದುಬಣ್ಣ, ನಡುವೆ ಬಿಳಿ ಗೆರೆ, ಮುಷ್ಟಿಯಲ್ಲಿ ಮುಚ್ಚುವಷ್ಟು. ಆಮೇಲೆ ನಾವು ಹೋದ ಮನೆಗಳಲ್ಲೆಲ್ಲ ಅದು ಅಡುಗೆಮನೆಯ ಕಿಟಕಿಯಲ್ಲಿತ್ತು.

ಬೇರೆ ದಾರಿಯಿಲ್ಲದೆ ಅದನ್ನೇ ಕೊಟ್ಟೆ. ಹತ್ತು ದಿನ ಎಳ್ಳುನೀರು ಬಿಟ್ಟೆ. ಹತ್ತನೆಯ ದಿನ ಬ್ರಾಜೋಸ್ ನದಿಯ ದಡಕ್ಕೆ ಇರಣ್ಣನ ಕಾರಿನಲ್ಲಿ ಹೋಗುವಾಗ ಅವನ ತೋಟದ ಕಲ್ಲೊಂದು ನನ್ನ ಇನ್ನೊಂದು ಜೇಬಿನಲ್ಲಿತ್ತು. ಅದನ್ನು ಯಾವಾಗ ಹಾಕಿಕೊಂಡೆನೆಂದು ನನಗೆ ನೆನಪಿಲ್ಲ. ಭಟ್ಟರು "ಬಿಡಿ" ಎಂದಾಗ ಕೈ ಆ ಜೇಬಿಗೆ ಹೋಯಿತು.

ನಿಮ್ಮ ಮುಖ ನೋಡಲಾಗದೆ ಮರ್ಫಿಗೆ ಬರಲಿಲ್ಲ. ಬೇರೆ ಕಾರಣವಿಲ್ಲ.

ನಿಮ್ಮ,
ಬದರಿನಾಥ


ಮರ್ಫಿ
೨ ಏಪ್ರಿಲ್ ೨೦೧೫

ಬದರಿನಾಥರಿಗೆ,

ನಿಮ್ಮ ಪತ್ರವನ್ನು ಮೂರು ಬಾರಿ ಓದಿದೆ. ಸಿಟ್ಟು ಬರುವುದೆಂದು ಕಾದೆ. ಬರಲಿಲ್ಲ. ಅನಂತರ ಸೊಸೆ ಊಟಕ್ಕೆ ಕರೆದಳು, ಹೋಗಿ ಉಂಡೆ.

ವೇಲ್ಸ್‌ನಿಂದ ಸಂಹಿತಾ ನನಗೆ ಬರೆದ ಪತ್ರಗಳು ಹನ್ನೊಂದು. ಎಲ್ಲವನ್ನೂ ಮತ್ತೆ ತೆಗೆದು ನೋಡಿದೆ. ಹವೆಯ ಮಾತಿದೆ, ಅಕ್ಕಿಯ ಮಾತಿದೆ, ಸ್ವೆಟರಿನ ಮಾತೂ ಇದೆ. ಅದನ್ನು ಹೆಣೆದು ಕಳುಹಿಸಿದವಳು ನಾನು. "ತುಂಬ ಬೆಚ್ಚಗಿದೆ ಅಮ್ಮ" ಎಂದು ಬರೆದಿದ್ದಾಳೆ. ಕಲ್ಲಿನ ಮಾತಿಲ್ಲ.

ಕ್ರಿಯೆ ಮುಗಿದಿದೆ, ಅವಳು ಸೇರಬೇಕಾದಲ್ಲಿ ಸೇರಿದ್ದಾಳೆ ಎಂಬ ಒಂದು ವಾಕ್ಯವನ್ನು ಹಿಡಿದುಕೊಂಡು ನಾನು ಹದಿನೇಳು ತಿಂಗಳು ಬೆಳಗ್ಗೆ ಎದ್ದಿದ್ದೇನೆ. ಆ ಅವಧಿಯಲ್ಲಿ ನನ್ನ ಮಗಳು ನಿಮ್ಮ ಕಾರಿನ ಡಬ್ಬಿಯಲ್ಲಿ, ವಿಮೆಯ ಕಾಗದಗಳ ಅಡಿಯಲ್ಲಿ ಇದ್ದಳು.

ಅದನ್ನು ನದಿಗೆ ಬಿಡಿ. ಭಟ್ಟರನ್ನು ಕೇಳಿ, ತಡವಾದುದಕ್ಕೆ ಏನು ಪ್ರಾಯಶ್ಚಿತ್ತವೋ ಅದನ್ನು ಮಾಡಿಕೊಳ್ಳಿ. ಬಿಟ್ಟ ದಿನಾಂಕವನ್ನು ತಿಳಿಸಿದರೆ ಸಾಕು.

ವಿದ್ಯಾವತಿ


ಶುಗರ್ ಲ್ಯಾಂಡ್
೩೧ ಮೇ ೨೦೧೫

ಪೂಜ್ಯ ಅತ್ತೆಯವರಿಗೆ,

ತಿಳಿಸಲು ದಿನಾಂಕವಿಲ್ಲ.

ಎರಡು ಬಾರಿ ಹೋದೆ. ಮೊದಲನೆಯ ಬಾರಿ ದಡದಲ್ಲಿ ಒಬ್ಬ ಮುದುಕ ಗಾಳ ಹಾಕಿಕೊಂಡು ಕುಳಿತಿದ್ದ. ನಾನು ಬರಿಗೈಯಲ್ಲಿ ಒಂದು ಗಂಟೆ ನಿಂತದ್ದನ್ನು ನೋಡಿ, "ಏನಾದರೂ ಸಿಕ್ಕಿತೇ?" ಎಂದು ಕೇಳಿದ. "ಇನ್ನೂ ಇಲ್ಲ" ಎಂದೆ. ಎರಡನೆಯ ಬಾರಿ ಹೋದದ್ದು ಮೊನ್ನೆಯ ಪ್ರವಾಹದ ಮರುದಿನ. ನೀರು ರಸ್ತೆಯವರೆಗೂ ಬಂದಿತ್ತು, ಕೆಂಪಗೆ, ಮರದ ಕೊಂಬೆಗಳನ್ನೂ ಯಾರದೋ ಮನೆಯ ಕುರ್ಚಿಗಳನ್ನೂ ಎಳೆದುಕೊಂಡು ಹೋಗುತ್ತಿತ್ತು. ಹರಿಯುವ ನೀರು ಬೇಕೆಂದರೆ ಅದಕ್ಕಿಂತ ಹರಿಯುವ ನೀರಿಲ್ಲ. ಅದರಲ್ಲಿ ಅವಳನ್ನು ಬಿಡಲು ನನ್ನಿಂದಾಗಲಿಲ್ಲ.

ಭಟ್ಟರನ್ನು ಕೇಳಿದೆ. ಮೊದಲು ಪಂಚಾಂಗ ತಿರುವಿದರು. ಆಮೇಲೆ, "ನೀರೇ ಆಗಬೇಕೆಂದು ಹಟ ಬೇಡಿ. ಮತ್ತೆ ಕೈಗೆ ಸಿಗದ ಹಾಗೆ ಹೋಗಬೇಕು, ಅಷ್ಟೆ. ಎತ್ತಿದ ಜಾಗ ಗೊತ್ತಿದ್ದರೆ ಅಲ್ಲಿಗೇ ಬಿಡಿ. ಬಿಟ್ಟವರು ತಿರುಗಿ ನೋಡಬಾರದು" ಎಂದರು.

ಜಾಗ ನನಗೆ ಗೊತ್ತು. ಆಗಸ್ಟಿನಲ್ಲಿ ಎರಡು ವಾರ ರಜೆಯಿದೆ. ಮಹತಿಯೂ ಬರುತ್ತಾಳೆ. ಆದರೆ ಕೈಯಿಂದ ಬಿಡುವುದು ನನ್ನಿಂದ ಸಾಧ್ಯವಿಲ್ಲ, ಅತ್ತೆ. ನೀವು ಬರಬೇಕು. ನೀವು ಬಿಡಬೇಕು.

ನಿಮ್ಮ,
ಬದರಿನಾಥ


ಮರ್ಫಿ
೨೬ ಜೂನ್ ೨೦೧೫

ಚಿರಂಜೀವಿ ಬದರಿನಾಥರಿಗೆ,

ಬರುತ್ತೇನೆ.

ಎಪ್ಪತ್ತೆರಡರ ವಯಸ್ಸಿನಲ್ಲಿ ಇದೇಕೆ ಎಂದು ವಿಶ್ವಾಸ್ ಕೇಳಿದ. ಊರು ನೋಡಲು ಎಂದೆ. ನಾನು ಅವನಿಗೆ ಸುಳ್ಳು ಹೇಳಿದ್ದು ಇದೇ ಮೊದಲು. ವೀಸಾಕ್ಕೆಂದು ಬೆರಳಚ್ಚು ಕೊಡಲು ಡಲ್ಲಾಸಿಗೆ ಕರೆದುಕೊಂಡು ಹೋದ. ಅಲ್ಲಿಯ ಹುಡುಗಿ ನನ್ನ ಬೆರಳುಗಳನ್ನು ಗಾಜಿನ ಮೇಲೆ ಐದಾರು ಬಾರಿ ಒತ್ತಿಸಿ, ಗೆರೆಗಳು ಸವೆದಿವೆ, ಯಂತ್ರಕ್ಕೆ ಕಾಣುತ್ತಿಲ್ಲ ಎಂದಳು. ಸೀಮೆಸುಣ್ಣ ಹಿಡಿದ ಬೆರಳುಗಳು ಎಂದು ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಕೊನೆಗೆ ಹೇಗೋ ಆಯಿತು.

ನನ್ನ ನಿಬಂಧನೆಗಳನ್ನು ಮೊದಲೇ ತಿಳಿಸುತ್ತೇನೆ. ಅಪರಕ್ರಿಯೆಗೆ ಹೆಂಗಸು ಕೈಹಾಕುವ ಪದ್ಧತಿ ನಮ್ಮಲ್ಲಿಲ್ಲ. ಆದ್ದರಿಂದ ಮಂತ್ರ ಬೇಡ, ಛಾಯಾಚಿತ್ರ ಬೇಡ, ಭಾಷಣವಂತೂ ಬೇಡವೇ ಬೇಡ. ಕಲ್ಲನ್ನು ಕಾಗದದಲ್ಲಿ ಸುತ್ತದೆ ಬಿಳಿಯ ಬಟ್ಟೆಯಲ್ಲಿ ತನ್ನಿ. ಬಿಡುವವರೆಗೆ ನನ್ನ ಕೈಗೆ ಕೊಡಬೇಡಿ.

ಅಲ್ಲಿ ನಾನು ಅತ್ತರೆ ಇಬ್ಬರೂ ಗಾಬರಿಯಾಗಬಾರದು. ಅಳುತ್ತೇನೆಂದು ತೋರುವುದಿಲ್ಲ. ಇದುವರೆಗೆ ಅತ್ತಿಲ್ಲ.

ವಿದ್ಯಾವತಿ


ಆಸ್ಟಿನ್
೫ ಸೆಪ್ಟೆಂಬರ್ ೨೦೧೫

ಅಜ್ಜಿಗೆ,

ಕನ್ನಡದಲ್ಲಿ ಬರೆದರೆ ಮಾತ್ರ ಉತ್ತರ ಕೊಡುತ್ತೇನೆ ಅಂತ ನೀವು ಹೇಳಿದ್ದೀರಿ. ಅದಕ್ಕೇ ಇದು. ಒಂದು ಪೇಜಿಗೆ ಎರಡು ಗಂಟೆ ಆಯಿತು. ಕ್ಲಾಸ್ ಶುರು ಆಗಿದೆ.

ಮೊದಲು, ಐ ಆಮ್ ಸಾರಿ. ವೇಲ್ಸ್‌ನಲ್ಲಿ ಆ ಹೊಲದ ಆಂಟಿ ಅದು ದನಗಳು ಮೈ ಉಜ್ಜೋ ಕಲ್ಲು ಅಂದಾಗ ನಾನು ಅಷ್ಟು ನಗಬಾರದಿತ್ತು. ಆದರೆ ನಿಮ್ಮ ಕುಂಕುಮ ಆಗಲೇ ಕಲ್ಲಿನ ಮೇಲೆ ಇತ್ತು, ಡ್ಯಾಡ್ ಶೂ ಬಿಚ್ಚಿ ನಿಂತಿದ್ದರು. ಅಮ್ಮ ಇದ್ದಿದ್ದರೆ ಅವಳು ಇನ್ನೂ ಜೋರಾಗಿ ನಗುತ್ತಿದ್ದಳು.

ಎರಡನೇದು ಪ್ರಶ್ನೆ. ಡ್ಯಾಡ್ ಕೇಳಿಲ್ಲ, ಅವರು ಕೇಳೋದೂ ಇಲ್ಲ, ಅದಕ್ಕೆ ನಾನು ಕೇಳುತ್ತೇನೆ. ನಮ್ಮನ್ನ ಮುಂದೆ ಹೋಗಿ, ತಿರುಗಿ ನೋಡಬೇಡಿ ಅಂದಿರಿ. ನಾವು ಕಾರಿನ ಹತ್ತಿರ ನಲವತ್ತು ನಿಮಿಷ ಕಾದೆವು. ನಲವತ್ತು ನಿಮಿಷ ಏನು ಮಾಡುತ್ತಿದ್ದಿರಿ? ಆರ್ ಯು ಓಕೆ, ಅಜ್ಜಿ?

ನಿಮ್ಮ
ಮಹತಿ


ಮರ್ಫಿ
೨೦ ಸೆಪ್ಟೆಂಬರ್ ೨೦೧೫

ಚಿರಂಜೀವಿ ಬದರಿನಾಥರಿಗೆ ಆಶೀರ್ವಾದಗಳು.

ಮಹತಿ ಒಂದು ಪ್ರಶ್ನೆ ಕೇಳಿ ಬರೆದಿದ್ದಾಳೆ. ಉತ್ತರ ಸಲ್ಲಬೇಕಾದದ್ದು ನಿಮಗೆ. ನೀವು ಜನವರಿಯ ನನ್ನ ಪ್ರಶ್ನೆಗೆ ನಿಜವನ್ನು ಬರೆದಿರಿ. ನಾನು ಅದಕ್ಕಿಂತ ಕಡಿಮೆ ಮಾಡಲಾಗದು. ನೀವು ಅಲ್ಲಿಯೇ ಇದ್ದಿರಿ, ಆದರೂ ನಡೆದುದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ. ಮಹತಿ ಅದನ್ನು ಗೆಳತಿಯರಿಗೆ ನಗೆಯ ಕಥೆಯಾಗಿ ಹೇಳುತ್ತಿದ್ದಾಳೆ, ನೀವು ಯಾರಿಗೂ ಹೇಳುತ್ತಿಲ್ಲ. ಎರಡರ ನಡುವೆ ಅದು ಕಳೆದುಹೋಗಬಾರದು.

ನೀವು ದಾರಿ ತಪ್ಪಲಿಲ್ಲ. ಬಸ್ಸು ನಿಲ್ಲುವ ತಿರುವು, ಚಿಕ್ಕ ಸೇತುವೆ, ಏರು, ಎಲ್ಲವೂ ನೀವು ಹೇಳಿದಂತೆಯೇ ಇದ್ದವು. ಕಲ್ಲೂ ಇತ್ತು, ನನ್ನ ಎದೆಯೆತ್ತರ, ಅಂಚುಗಳೆಲ್ಲ ನುಣುಪು. "ಇದೇ ಅತ್ತೆ, ಇಲ್ಲೇ ನಿಂತಿದ್ದಳು" ಎಂದಿರಿ. ನಿಂತ ಕಲ್ಲನ್ನು ಕಂಡರೆ ನಮ್ಮ ಕಡೆಯವರ ಕೈ ಕುಂಕುಮದ ಭರಣಿಗೆ ತಾನಾಗಿ ಹೋಗುತ್ತದೆ. ನಾನು ಇಟ್ಟೆ. ಮೂರು ಸುತ್ತು ಬಂದೆ. ಏನೂ ಅನ್ನಿಸಲಿಲ್ಲ.

ಆಗ ಆಕೆ ಬಂದಳು, ಮೊಣಕಾಲಿನವರೆಗೆ ರಬ್ಬರು ಬೂಟು ಹಾಕಿಕೊಂಡ ಹೊಲದೊಡತಿ. ಜಗಳಕ್ಕೆ ಬಂದಳೆಂದುಕೊಂಡೆ. ಕುಂಕುಮವನ್ನು ನೋಡಿದಳು, ನನ್ನ ಸೀರೆಯನ್ನು ನೋಡಿದಳು, ನಿಮ್ಮ ಬರಿಗಾಲನ್ನು ನೋಡಿದಳು. ಆಕೆ ಆಡಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಅಯ್ಯೋ, ಇದಲ್ಲಮ್ಮ. ಇದು ದನಗಳು ಮೈ ಉಜ್ಜಿಕೊಳ್ಳಲಿ ಅಂತ ನಮ್ಮ ಮಾವ ನೆಟ್ಟಿದ್ದು. ನಾನು ಈ ಮನೆಗೆ ಮದುವೆಯಾಗಿ ಬಂದ ವರ್ಷ. ನಿಜವಾದದ್ದು ಇನ್ನೆರಡು ಹೊಲ ದಾಟಿ ಇದೆ. ಎಲ್ಲರೂ ಇದರ ಫೋಟೋನೇ ತೆಗೆದುಕೊಂಡು ಹೋಗ್ತಾರೆ. ನಾವೂ ಹೇಳೋಕೆ ಹೋಗಲ್ಲ, ಪಾಪ."

ಮಹತಿ ನಕ್ಕಳು. ನಿಮ್ಮ ಮುಖ ಮಾತ್ರ ಪರೀಕ್ಷೆಯಲ್ಲಿ ಮೇಲ್ವಿಚಾರಕರು ಉತ್ತರಪತ್ರಿಕೆ ಕಿತ್ತುಕೊಂಡ ಹುಡುಗಿಯ ಮುಖದಂತಾಯಿತು. ಕಲ್ಲುಗಳನ್ನು ಓದುವುದೇ ವೃತ್ತಿಯಾದವರು ಇಪ್ಪತ್ತೊಂದು ವರ್ಷ ದನದ ಕಲ್ಲನ್ನು ನಾಲ್ಕು ಸಾವಿರ ವರ್ಷದ್ದೆಂದು ನಂಬಿದ್ದಿರಿ. ಸಂಹಿತಾ ಒಬ್ಬಳೇ ಅದನ್ನು ಸರಿಯಾಗಿ ಬಳಸಿದವಳು. ಈ ಮಾತನ್ನು ಅಂದೇ ಹೇಳಬಹುದಾಗಿತ್ತು. ನಗಿಸುವ ಶಕ್ತಿ ಇರಲಿಲ್ಲ.

ಆಕೆಯೇ ನಮ್ಮನ್ನು ಎರಡು ಹೊಲ ದಾಟಿಸಿ ನಿಜವಾದದ್ದನ್ನು ತೋರಿಸಿದಳು. ಎರಡಾಳೆತ್ತರ, ಒಂದು ಕಡೆಗೆ ವಾಲಿದ, ಮೈಯೆಲ್ಲ ಹಳದಿ ಹಾವಸೆ ಹತ್ತಿದ ಕಲ್ಲು. ಬುಡದಲ್ಲಿ ಕುರಿಗಳು ಮಲಗಿದ್ದವು. ನಾನು ಅದರ ಮುಂದೆ ನಿಂತೆ. ಯಾರೋ ತಮ್ಮವರನ್ನು ಕಳೆದುಕೊಂಡು ಅದನ್ನು ಎಳೆದು ತಂದು ನಿಲ್ಲಿಸಿರಬೇಕು. ಹೆಸರು ಹೋಗಿದೆ, ಭಾಷೆ ಹೋಗಿದೆ, ಅತ್ತವರೂ ಹೋಗಿದ್ದಾರೆ, ಕಲ್ಲು ನಿಂತಿದೆ. ಅವರು ನಿಲ್ಲಿಸುವ ಜನ. ನಾವು ಬಿಡುವ ಜನ. ಇಷ್ಟು ಯೋಚಿಸಿದೆ. ತಲೆ ಯೋಚಿಸಿತು, ಎದೆಯಲ್ಲಿ ಏನೂ ಇರಲಿಲ್ಲ.

ಕಲ್ಲನ್ನು ಇಲ್ಲಿಯೇ ಬಿಡೋಣ, ಇದೇ ಯೋಗ್ಯವಾದ ಜಾಗ ಎಂದಿರಿ. ಅವಳು ಇಲ್ಲಿ ನಿಂತವಳಲ್ಲ, ಎತ್ತಿದ ಜಾಗಕ್ಕೇ ಹೋಗಬೇಕು ಎಂದು ನಾನು ಹೇಳಿದೆ. ಹೊಲದೊಡತಿಗೆ ಮಹತಿ ಎಲ್ಲವನ್ನೂ ವಿವರಿಸಿದಳು. ಆಕೆ ತಲೆಯಾಡಿಸಿ, "ಎಲ್ಲಿ ಬೇಕಾದರೂ ಇಡಿ. ಆದರೆ ನಿಜ ಹೇಳಿಬಿಡ್ತೀನಿ, ಹೊಲದಲ್ಲಿ ಬಿಟ್ಟ ಕಲ್ಲು ಹೊಲದಲ್ಲಿ ಉಳಿಯಲ್ಲ. ಪ್ರತಿ ವರ್ಷ ಆಯ್ದು ಗೇಟಿನ ಕೆಸರಿಗೆ ಹಾಕ್ತೀವಿ, ದನಗಳ ಕಾಲು ಹೂತುಹೋಗದ ಹಾಗೆ" ಎಂದಳು.

"ದನ ತುಳಿಯೋ ಜಾಗಾನಾ? ಬೇಡ ಅತ್ತೆ. ಆಗಲ್ಲ. ವಾಪಸ್ ತಗೊಂಡು ಹೋಗೋಣ" ಎಂದು ಬಟ್ಟೆಯ ಗಂಟನ್ನು ಎದೆಗೆ ಒತ್ತಿಕೊಂಡಿರಿ. ಅದು ಮತ್ತೆ ಕಾರಿನ ಡಬ್ಬಿಗೆ ಹೋಗುವುದು ನನಗೆ ಕಾಣಿಸಿತು. ಇನ್ನೆಷ್ಟು ವರ್ಷವೋ. ಕೈ ಚಾಚಿ "ಕೊಡಿ" ಎಂದೆ. ನಿಮ್ಮನ್ನೂ ಮಹತಿಯನ್ನೂ ಮುಂದೆ ಕಳುಹಿಸಿದೆ. ಹೊಲದೊಡತಿಯೂ ದನಗಳನ್ನು ಹೊಡೆದುಕೊಂಡು ಬರಲು ಹೋದಳು.

ಇಲ್ಲಿಂದ ಮುಂದಿನದು ನಿಮಗೆ ಗೊತ್ತಿಲ್ಲ.

ದನದ ಕಲ್ಲಿನ ಬುಡಕ್ಕೆ ಹೋಗಿ ಗಂಟನ್ನು ಬಿಚ್ಚಿದೆ. ಹಗುರವಾಗಿತ್ತು. ಬೆಚ್ಚಗಿತ್ತು, ನಿಮ್ಮ ಮೈಯ ಕಾವು. ನೆಲಕ್ಕಿಡಲು ಬಗ್ಗಿದವಳು ಇಡದೆ ಸೆರಗಿನ ತುದಿಗೆ ಕಟ್ಟಿಕೊಂಡೆ. ಗಂಟನ್ನು ಎರಡು ಸುತ್ತು ಬಿಗಿದೆ. ಗೇಟಿನವರೆಗೆ ನಡೆದೆ. ಬಿಟ್ಟೆನೆಂದು ನಿಮಗೆ ಹೇಳುವ ವಾಕ್ಯವೂ ಸಿದ್ಧವಾಗಿತ್ತು. "ಆಯಿತು" ಎಂದಷ್ಟೇ. ನೀವು ನನಗೆ ಹೇಳಿದ ವಾಕ್ಯವೇ.

ಆ ಪದ ಬಾಯಿಗೆ ಬಂದಾಗ ನಿಮ್ಮ ಹದಿನೇಳು ತಿಂಗಳು ಹೇಗೆ ಕಳೆದಿರಬೇಕೆಂದು ತಿಳಿಯಿತು. ಸೆರಗನ್ನು ಬಿಚ್ಚಿದೆ. ಹೇಗೂ ಬಂದು ಸೇರುವ ಜಾಗ, ಇನ್ನೊಬ್ಬರ ಕೈಯಿಂದ ಏಕೆ ಎಂದು, ಗೇಟಿನ ಕೆಸರಿನಲ್ಲಿ ಬೇರೆ ಕಲ್ಲುಗಳ ನಡುವೆ ಅದನ್ನು ಇಟ್ಟೆ. ವಿಶ್ವಾಸ್ ಕೊಡಿಸಿದ ಹೊಸ ಬೂಟಿನ ಹಿಮ್ಮಡಿಯಿಂದ ಒತ್ತಿದೆ. ಅವಳು ಸಣ್ಣವಳಿದ್ದಾಗ ಒಮ್ಮೆಯೂ ಅವಳ ಮೇಲೆ ಕೈಯೆತ್ತಿದವಳಲ್ಲ ನಾನು. ಅಂದು ತುಳಿದೆ. ದನಗಳು ಬಂದವು. ಬದಿಗೆ ಸರಿದು ನಿಂತೆ. ಇಪ್ಪತ್ತೋ ಇಪ್ಪತ್ತೈದೋ, ಒಂದರ ಹಿಂದೊಂದು, ಅವಸರವಿಲ್ಲದೆ ದಾಟಿದವು. ಹೊಲದೊಡತಿ ಗೇಟನ್ನು ಹಾಕಿಕೊಂಡು ಹೋದಳು.

ನಾನು ಕಾರಿಗೆ ಬಂದಾಗ ಮೊಣಕೈಯವರೆಗೆ ಕೆಸರಾಗಿತ್ತು. ಜಾರಿಬಿದ್ದೆ ಎಂದೆ. ನೀವು ಕೊಟ್ಟಿಗೆಯ ನಲ್ಲಿಯಿಂದ ಬಾಟಲಿಯಲ್ಲಿ ನೀರು ಹಿಡಿದು ತಂದು ನನ್ನ ಕೈಗೆ ಹಾಕಿದಿರಿ. ಉಗುರಿನ ಸಂದಿಯ ಮಣ್ಣನ್ನೂ ತೊಳೆದಿರಿ.

ಮುಂದಿನ ತಿಂಗಳು ಅವಳ ತಿಥಿ. ಈ ವರ್ಷ ಮರ್ಫಿಯಲ್ಲೇ ಆಗಲಿ, ಭಟ್ಟರನ್ನು ನೀವೇ ಕರೆತನ್ನಿ. ವಿಶ್ವಾಸನಿಗೆ ನಾನು ಎಲ್ಲವನ್ನೂ ಹೇಳಿದ್ದೇನೆ. ಮಹತಿಗೆ ಪರೀಕ್ಷೆಯಿದ್ದರೆ ಒತ್ತಾಯ ಬೇಡ.

ನಾನು ಜಾರಲಿಲ್ಲ, ಬದರಿ. ದನಗಳು ಹೋದಮೇಲೆ ತಿರುಗಿ ನೋಡಿದೆ. ಬಿಳಿ ಗೆರೆಯ ಕಲ್ಲುಗಳು ಅಲ್ಲಿ ನೂರಾರು ಇದ್ದವು. ಮೊಣಕಾಲೂರಿ ಒಂದೊಂದನ್ನೇ ಎತ್ತಿ, ಸೆರಗಿನಲ್ಲಿ ಒರೆಸಿ ನೋಡಿದೆ. ಅರ್ಧ ಗಂಟೆ ಹುಡುಕಿದೆ. ನನ್ನ ಮಗಳು ಸಿಗಲಿಲ್ಲ.

ಇತಿ,
ನಿಮ್ಮ ಅತ್ತೆ
ವಿದ್ಯಾವತಿ